ಜ್ವರದ ಗುಳ್ಳೆಯೂ ಎಂಜಲು ಲಿಪ್‌ಸ್ಟಿಕ್ಕೂ

ಡಿಸೆಂಬರ್ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಬೆಳಗಿನ ಚಳಿಗೆ ಮನೆಯ ಕೊಬ್ಬರಿ ಎಣ್ಣೆ ಶೀಸೆಯಲ್ಲೇ ಹೆಪ್ಪುಗಟ್ಟುತ್ತದೆ, ಒಣಗಾಳಿಗೆ ತುಟಿಗಳು ಒಡೆಯುತ್ತವೆ. ಅದೇ ಹೊತ್ತಿಗೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಿದ್ಧತೆ ಶುರುವಾಗುತ್ತದೆ. ಕಾರ್ಯಕ್ರಮದ ಸಂಜೆ ಮಕ್ಕಳನ್ನು ಸಿಂಗರಿಸುವ ಕೋಣೆಗೆ ಒಮ್ಮೆ ಇಣುಕಿ ನೋಡಿ. ಕೋಲಾಟಕ್ಕೋ ಜಾನಪದ ನೃತ್ಯಕ್ಕೋ ಸಜ್ಜಾದ ಮಕ್ಕಳು ಸಾಲಾಗಿ ಕುಳಿತಿರುತ್ತಾರೆ. ಒಬ್ಬರು ಪೌಡರ್ ಹಚ್ಚುತ್ತ ಹೋದರೆ ಅವರ ಹಿಂದೆಯೇ ಇನ್ನೊಬ್ಬರು ಲಿಪ್‌ಸ್ಟಿಕ್ ಹಿಡಿದು ಬರುತ್ತಾರೆ. ಮೊದಲ ಮಗುವಿನ ತುಟಿಗೆ ತಾಗಿದ ಲಿಪ್‌ಸ್ಟಿಕ್ಕೇ ಎರಡನೆಯ ಮಗುವಿಗೆ, ಮೂರನೆಯ ಮಗುವಿಗೆ, ಹೀಗೆ ಸಾಲಿನ ಕೊನೆಯವರೆಗೂ ಸಾಗುತ್ತದೆ.

ಇದೇ ಮಕ್ಕಳಿಗೆ ನಾವು ಮನೆಯಲ್ಲಿ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯಲು ಕಲಿಸಿರುತ್ತೇವೆ. ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ತಿನ್ನಹೊರಟರೆ 'ಎಂಜಲು' ಎಂದು ತಡೆಯುತ್ತೇವೆ. ಅಂಗಿಯ ತುದಿಯಲ್ಲಿ ಪೆಪ್ಪರಮೆಂಟು ಸುತ್ತಿ ಕಚ್ಚಿ, 'ಇದು ಕಾಗೆ ಎಂಜಲು, ಪರವಾಗಿಲ್ಲ' ಎಂದು ಹಂಚಿಕೊಳ್ಳುವ ಮಕ್ಕಳಿಗೂ ಎಂಜಲೆಂದರೇನು ಎಂಬುದು ಗೊತ್ತು. ಆದರೆ ತುಟಿಗೇ ಉಜ್ಜುವ ಲಿಪ್‌ಸ್ಟಿಕ್ಕೂ ಎಂಜಲಾಗುತ್ತದೆ ಎಂಬುದು ಯಾಕೋ ನಮಗೆ ಹೊಳೆಯುವುದಿಲ್ಲ. ಎಂಜಲು ಎಂಬ ಮಾತನ್ನು ಮನುಷ್ಯರನ್ನು ದೂರವಿಡಲು ಬಳಸಿದ ಕಹಿ ಇತಿಹಾಸವೂ ನಮ್ಮಲ್ಲಿದೆ. ಇಲ್ಲಿ ಹೇಳುತ್ತಿರುವುದು ಜೊಲ್ಲಿನ ಮಾತು ಮಾತ್ರ. ರೋಗಾಣುವಿಗೆ ಜಾತಿ ತಿಳಿಯದು.

ಜೊಲ್ಲಿನ ಮೂಲಕ, ತುಟಿಯಿಂದ ತುಟಿಗೆ ದಾಟುವ ರೋಗಗಳಲ್ಲಿ ಬಹಳ ಸಾಮಾನ್ಯವಾದದ್ದು ಜ್ವರದ ಗುಳ್ಳೆ. ಲಿಪ್‌ಸ್ಟಿಕ್, ಲಿಪ್ ಬಾಮ್, ಕೊಬ್ಬರಿ ಎಣ್ಣೆಗಳಿಗೂ ಈ ಗುಳ್ಳೆಗೂ ಇರುವ ಸಂಬಂಧವೇನು? ಯಾವ ಭಯ ನಿಜ, ಯಾವುದು ಅನಗತ್ಯ? ನೋಡೋಣ.

ಹೆಸರು ಒಂದು, ಕಾರಣ ಇನ್ನೊಂದು

ಜ್ವರ ಬಂದು ಬಿಟ್ಟ ಮೇಲೆ ತುಟಿಯ ಅಂಚಿನಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳ ಗೊಂಚಲು ಏಳುವುದನ್ನು ನೀವು ನೋಡಿರಬಹುದು. 'ಒಳಗಿನ ಜ್ವರ ತುಟಿಗೆ ಬಂತು' ಎನ್ನುವವರಿದ್ದಾರೆ. 'ಉಷ್ಣ' ಎನ್ನುವವರೂ 'ರಾತ್ರಿ ಜೇಡ ಹರಿದಿದೆ' ಎನ್ನುವವರೂ ಇದ್ದಾರೆ. ಇಂಗ್ಲಿಷಿನಲ್ಲಿ ಇದನ್ನು 'ಕೋಲ್ಡ್ ಸೋರ್', ಅಂದರೆ ನೆಗಡಿಯ ಹುಣ್ಣು ಎಂದು ಕರೆಯುತ್ತಾರೆ. ಜ್ವರದ ಗುಳ್ಳೆ, ನೆಗಡಿಯ ಹುಣ್ಣು ಎಂಬ ಎರಡು ಹೆಸರುಗಳೂ ಗುಳ್ಳೆ ಏಳುವ ಸಂದರ್ಭವನ್ನು ಹೇಳುತ್ತವೆಯೇ ಹೊರತು ಕಾರಣವನ್ನಲ್ಲ. ಕಾರಣ ಒಂದು ವೈರಸ್. ಅದರ ಹೆಸರು ಹರ್ಪೀಸ್ ಸಿಂಪ್ಲೆಕ್ಸ್ ವೈರಸ್-1, ಚಿಕ್ಕದಾಗಿ ಎಚ್‌ಎಸ್‌ವಿ-1.

'ಹರ್ಪೀಸ್' ಎಂಬುದು ತೆವಳು, ಹರಿದಾಡು ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದ ಪದ. ಚರ್ಮದ ಮೇಲೆ ಹರಡುವ ಹುಣ್ಣನ್ನು ಕಂಡ ಗ್ರೀಕರಿಗೂ, 'ಜೇಡ ಹರಿದಿದೆ' ಎಂದ ನಮ್ಮ ಹಿರಿಯರಿಗೂ ಹೊಳೆದದ್ದು ಒಂದೇ ಚಿತ್ರ! ಸೀತಾಳೆ ಸಿಡುಬು ಮತ್ತು ಸರ್ಪಸುತ್ತು ತರುವ ವೈರಸ್ ಕೂಡ ಇದೇ ಕುಟುಂಬಕ್ಕೆ ಸೇರಿದೆ. ಆದರೆ ಅದು ಬೇರೆ ವೈರಸ್. ತುಟಿಯ ಗುಳ್ಳೆ ಸರ್ಪಸುತ್ತು ಅಲ್ಲ.

ಗುಳ್ಳೆ ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಸಾಗುತ್ತದೆ. ಮೊದಲು ತುಟಿಯ ಒಂದು ಜಾಗದಲ್ಲಿ ಜುಮ್ಮೆನ್ನುವುದು, ತುರಿಕೆ ಅಥವಾ ಉರಿ. ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಅಲ್ಲಿ ಕೆಂಪಾಗಿ ನೀರುಗುಳ್ಳೆಗಳು ಏಳುತ್ತವೆ. ಅವು ಒಡೆದು ರಸ ಸೋರುವ ಹುಣ್ಣಾಗುತ್ತದೆ. ನಂತರ ಹಕ್ಕಳೆ ಕಟ್ಟಿ, ಒಂದರಿಂದ ಎರಡು ವಾರದಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಗುಳ್ಳೆ ಒಡೆದು ರಸ ಸೋರುವ ಹೊತ್ತಿನಲ್ಲಿ ವೈರಸ್‌ಗಳ ಸಂಖ್ಯೆ ಅತಿ ಹೆಚ್ಚು.

ನರದೊಳಗಿನ ಅಡಗುತಾಣ

ಈ ವೈರಸ್ಸಿನ ರಚನೆ ಸರಳವಾಗಿದೆ. ಒಳಗೆ ಸುಮಾರು 1,52,000 ಪ್ರತ್ಯಾಮ್ಲ ಜೋಡಿಗಳುಳ್ಳ ಎರಡೆಳೆಯ ಡಿಎನ್‌ಎ. ಅದರ ಸುತ್ತ 20 ಮುಖಗಳ ಪ್ರೋಟೀನ್ ಚಿಪ್ಪು. ಎಲ್ಲಕ್ಕೂ ಹೊರಗೆ ಕೊಬ್ಬಿನ ಪೊರೆ. ಈ ಪೊರೆಯ ಮೇಲಿರುವ ಪ್ರೋಟೀನ್‌ಗಳ ಸಹಾಯದಿಂದ ವೈರಸ್ ನಮ್ಮ ಜೀವಕೋಶಕ್ಕೆ ಅಂಟಿ ಒಳನುಗ್ಗುತ್ತದೆ. ಪೊರೆ ಕೆಟ್ಟರೆ ವೈರಸ್ ನಿಷ್ಪ್ರಯೋಜಕ. ಸಾಬೂನು ಕೊಬ್ಬನ್ನು ಕರಗಿಸುವುದರಿಂದ ಕೈ ತೊಳೆಯುವ ಸರಳ ಕೆಲಸವೂ ಇದರ ವಿರುದ್ಧ ಒಳ್ಳೆಯ ಆಯುಧ.

ಹೆಚ್ಚಿನವರಿಗೆ ಈ ವೈರಸ್ ತಗಲುವುದು ಬಾಲ್ಯದಲ್ಲಿ. ಬಹಳಷ್ಟು ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಕೆಲವರಿಗೆ ಜ್ವರ ಬಂದು ಒಸಡು ಊದಿ ಬಾಯಿತುಂಬ ಹುಣ್ಣಾಗುತ್ತದೆ, ಊಟ ಸೇರುವುದಿಲ್ಲ. ಕೆಲವು ದಿನಗಳಲ್ಲಿ ಇದು ವಾಸಿಯಾಗುತ್ತದೆ. ಆದರೆ ವೈರಸ್ ಹೊರಟುಹೋಗುವುದಿಲ್ಲ.

ತುಟಿಯ ಚರ್ಮದಲ್ಲಿ ವೃದ್ಧಿಯಾಗುವಾಗಲೇ ಅದು ಅಲ್ಲಿನ ನರದ ತುದಿಗಳನ್ನು ಹೊಕ್ಕು, ನರತಂತುವಿನ ಒಳಗೇ ಮೇಲಕ್ಕೆ ಪಯಣಿಸುತ್ತದೆ. ಮುಖದ ಸ್ಪರ್ಶಜ್ಞಾನವನ್ನು ಮಿದುಳಿಗೆ ಒಯ್ಯುವ ನರಕ್ಕೆ ಟ್ರೈಜೆಮಿನಲ್ ನರ ಎಂದು ಹೆಸರು. ತಲೆಬುರುಡೆಯ ತಳದಲ್ಲಿ ಈ ನರದ ಕೋಶಗಳೆಲ್ಲ ಸೇರಿರುವ ಒಂದು ನರಗಂಟು ಇದೆ. ವೈರಸ್ಸಿನ ಡಿಎನ್‌ಎ ಅಲ್ಲಿ ಉಂಗುರದಂತೆ ಸುತ್ತಿಕೊಂಡು ತೆಪ್ಪಗೆ ಉಳಿಯುತ್ತದೆ. ಅದರ ಬಹುತೇಕ ಎಲ್ಲ ಜೀನ್‌ಗಳೂ ಆಗ ಸ್ತಬ್ಧ. ಪ್ರೋಟೀನ್ ತಯಾರಾಗದಿದ್ದರೆ ದೇಹದ ಕಾವಲುಗಾರರಿಗೆ ಸುಳಿವು ಸಿಗುವುದೂ ಕಷ್ಟ. ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದಿರುವ ಕಾಯಿಯ ಹಾಗೆ, ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ!

ಇದು ತಿಳಿದುಬಂದ ಬಗೆಯೂ ಕುತೂಹಲಕರ. 1905ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್, ಟ್ರೈಜೆಮಿನಲ್ ನರದ ಶಸ್ತ್ರಚಿಕಿತ್ಸೆಯ ನಂತರ ರೋಗಿಗಳ ಮುಖದಲ್ಲಿ ಇಂಥ ಗುಳ್ಳೆಗಳು ಏಳುವುದನ್ನು ದಾಖಲಿಸಿದರು. 1929ರಲ್ಲಿ ಅರ್ನೆಸ್ಟ್ ಗುಡ್‌ಪಾಸ್ಚರ್ ವೈರಸ್ ನರಗಂಟಿನಲ್ಲಿ ಅಡಗಿರಬಹುದೆಂಬ ಊಹೆಯನ್ನು ಮುಂದಿಟ್ಟರು. ಊಹೆ ಪ್ರಯೋಗದಲ್ಲಿ ದೃಢಪಡಲು ನಾಲ್ಕು ದಶಕಗಳೇ ಬೇಕಾದವು. ಬೇರೆ ಕಾರಣಗಳಿಂದ ಸತ್ತವರ ನರಗಂಟನ್ನು ತೆಗೆದು ಪ್ರಯೋಗಾಲಯದಲ್ಲಿ ಜೀವಕೋಶಗಳೊಂದಿಗೆ ಬೆಳೆಸಿದಾಗ ಅದರಿಂದ ವೈರಸ್ ಹೊರಬಂದಿತು. ಇದು ನಡೆದದ್ದು 1970ರ ದಶಕದ ಆರಂಭದಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ನೂರರಲ್ಲಿ 64 ಮಂದಿಯಲ್ಲಿ ಎಚ್‌ಎಸ್‌ವಿ-1 ಇತ್ತು. ಇವರಲ್ಲಿ ಬಹುಮಂದಿಗೆ ತಮ್ಮಲ್ಲಿ ಈ ವೈರಸ್ ಇದೆ ಎಂಬುದೇ ಗೊತ್ತಿಲ್ಲ. ಆದ್ದರಿಂದ ತುಟಿಯ ಗುಳ್ಳೆ ಯಾರ ನಡತೆಯ ಮೇಲೂ ಬರೆದ ಷರಾ ಅಲ್ಲ. ಬಹಳಷ್ಟು ಜನರಿಗೆ ಇದು ಚಿಕ್ಕಂದಿನಲ್ಲಿ ಮನೆಯ ಹಿರಿಯರೊಬ್ಬರು ಅಕ್ಕರೆಯಿಂದ ಕೊಟ್ಟ ಮುತ್ತಿನ ಜೊತೆಗೆ ಬಂದದ್ದು.

ಎಬ್ಬಿಸುವವರು ಯಾರು?

ನರಗಂಟಿನಲ್ಲಿ ಮಲಗಿದ್ದ ವೈರಸ್ ಆಗೊಮ್ಮೆ ಈಗೊಮ್ಮೆ ಎಚ್ಚೆತ್ತು, ಬಂದ ದಾರಿಯಲ್ಲೇ ಇಳಿದು ತುಟಿಗೆ ಬರುತ್ತದೆ. ಹೀಗಾಗಿಯೇ ಗುಳ್ಳೆ ಹೆಚ್ಚಾಗಿ ಮೊದಲಿನ ಜಾಗದ ಆಸುಪಾಸಿನಲ್ಲೇ ಏಳುತ್ತದೆ. ಜ್ವರ, ನೆಗಡಿ, ಆಯಾಸ, ಮನಸ್ಸಿನ ಒತ್ತಡ, ಮುಟ್ಟಿನ ದಿನಗಳು, ತುಟಿಗಾದ ಗಾಯ, ಹಲ್ಲಿನ ಚಿಕಿತ್ಸೆ ಇವೆಲ್ಲ ಅದನ್ನು ಎಬ್ಬಿಸಬಲ್ಲವು. ಇವುಗಳ ಸಾಲಿನಲ್ಲಿ ತೆಂಗಿನ ಸೀಮೆಯವರು ಗಮನಿಸಬೇಕಾದದ್ದು ಬಿಸಿಲು.

ತುಟಿಯ ಕೆಂಪುಭಾಗದ ಮೇಲ್ಪದರ ಬಹಳ ತೆಳು. ಅಲ್ಲಿ ಬೆವರಿನ ಗ್ರಂಥಿಗಳಿಲ್ಲ, ಜಿಡ್ಡಿನ ಗ್ರಂಥಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿನಿಂದ ಕಾಪಾಡುವ ಮೆಲನಿನ್ ವರ್ಣಕವೂ ಕಡಿಮೆ. ಆದ್ದರಿಂದ ತುಟಿ ಬೇಗ ಒಣಗುತ್ತದೆ, ನೇರಳಾತೀತ ಕಿರಣಗಳಿಗೆ ಬೇಗ ಘಾಸಿಗೊಳ್ಳುತ್ತದೆ. 1991ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಪ್ರಯೋಗ ಪ್ರಕಟವಾಯಿತು. ಆಗಾಗ ಗುಳ್ಳೆ ಏಳುವವರ ತುಟಿಗೆ ಲೆಕ್ಕ ಹಾಕಿದ ಪ್ರಮಾಣದಲ್ಲಿ ನೇರಳಾತೀತ ಕಿರಣ ಬಿಡಲಾಯಿತು. ಬರಿಯ ಲೇಪ ಹಚ್ಚಿಕೊಂಡಿದ್ದ 38 ಮಂದಿಯಲ್ಲಿ 27 ಮಂದಿಗೆ ಗುಳ್ಳೆ ಎದ್ದಿತು. ಬಿಸಿಲುತಡೆಯುವ ಲೇಪ ಹಚ್ಚಿದಾಗ 35 ಮಂದಿಯಲ್ಲಿ ಒಬ್ಬರಿಗೂ ಏಳಲಿಲ್ಲ. ನಿಜವಾದ ಬಿಸಿಲಿನಲ್ಲಿ ನಡೆದ ಪ್ರಯೋಗಗಳ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲ. ಅಲ್ಲಿ ಗಾಳಿ, ಬೆವರು, ಲೇಪ ಅಳಿಸಿಹೋಗುವುದು ಎಲ್ಲವೂ ಸೇರಿಕೊಳ್ಳುತ್ತವೆ. ಆದರೂ ತೋಟದಲ್ಲಿ ದಿನವಿಡೀ ಕಾಯಿ ಸುಲಿಯುವವರಲ್ಲಿ, ಬಿಸಿಲಿಗೆ ಹೋದಾಗಲೆಲ್ಲ ಗುಳ್ಳೆ ಏಳುತ್ತದೆ ಎನ್ನುವವರಿದ್ದರೆ, ತಲೆಗೆ ಅಗಲ ಅಂಚಿನ ಟೋಪಿ, ತುಟಿಗೆ ಬಿಸಿಲುತಡೆಯ ಲಿಪ್ ಬಾಮ್ ಬಳಸುವುದು ಒಳ್ಳೆಯ ಸಲಹೆ. ಇಲ್ಲಿ ಲಿಪ್ ಬಾಮ್ ಶತ್ರುವಲ್ಲ, ಮಿತ್ರ. ಒಂದೇ ಷರತ್ತು: ಅದು ಅವರೊಬ್ಬರದೇ ಆಗಿರಬೇಕು.

ಲಿಪ್‌ಸ್ಟಿಕ್‌ನ ಪಾಲು ಎಷ್ಟು?

ವೈರಸ್ ಜೀವಕೋಶದ ಹೊರಗೆ ವೃದ್ಧಿಯಾಗುವುದಿಲ್ಲ. ಲಿಪ್‌ಸ್ಟಿಕ್‌ನ ಮೇಲೆ ಬಿದ್ದ ವೈರಸ್ ಅಲ್ಲಿ ಮರಿ ಹಾಕುವುದಿಲ್ಲ, ಹೊತ್ತು ಕಳೆದಂತೆ ನಾಶವಾಗುತ್ತ ಹೋಗುತ್ತದೆ. ಹಾಗಾದರೆ ಎಷ್ಟು ಹೊತ್ತು ಅದು ಸೋಂಕು ತರಬಲ್ಲದು? 1982ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿದರು. ತುಟಿಯಲ್ಲಿ ಗುಳ್ಳೆಯಿದ್ದ ಒಂಬತ್ತು ಮಂದಿಯಲ್ಲಿ ಏಳು ಮಂದಿಯ ಬಾಯಿಯ ಜೊಲ್ಲಿನಲ್ಲಿ, ಆರು ಮಂದಿಯ ಕೈಗಳ ಮೇಲೆ ವೈರಸ್ ಸಿಕ್ಕಿತು. ಚರ್ಮದ ಮೇಲೆ ಅದು ಎರಡು ಗಂಟೆಯವರೆಗೆ, ಬಟ್ಟೆಯ ಮೇಲೆ ಮೂರು ಗಂಟೆಯವರೆಗೆ, ಪ್ಲಾಸ್ಟಿಕ್ ಮೇಲೆ ನಾಲ್ಕು ಗಂಟೆಯವರೆಗೆ ಉಳಿದಿತ್ತು. ಬಟ್ಟೆಯಲ್ಲಿ ಸುತ್ತಿ ಕಚ್ಚಿದ 'ಕಾಗೆ ಎಂಜಲು' ಕೂಡ ಎಂಜಲೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ!

ಈಗ ವಾರ್ಷಿಕೋತ್ಸವದ ಕೋಣೆಗೆ ಮರಳೋಣ. ಅಲ್ಲಿ ಒಂದು ತುಟಿಯಿಂದ ಇನ್ನೊಂದಕ್ಕೆ ಲಿಪ್‌ಸ್ಟಿಕ್ ಹೋಗಲು ಬೇಕಾಗುವುದು ಅರ್ಧ ನಿಮಿಷ. ಚಳಿಗೆ ಒಡೆದ ತುಟಿಗಳಲ್ಲಿ ವೈರಸ್ ಹೊಗಲು ಸೀಳುಗಳೂ ಸಿದ್ಧವಾಗಿರುತ್ತವೆ. ಆದ್ದರಿಂದ ಅಪಾಯ ಇದೆ.

ಆದರೆ ಅಳತೆ ತಪ್ಪಬಾರದು. ಈ ವೈರಸ್ ಹರಡುವ ಮುಖ್ಯ ದಾರಿ ನೇರ ಸಂಪರ್ಕ, ಅಂದರೆ ಮುತ್ತು ಮತ್ತು ಜೊಲ್ಲು. ಲಿಪ್‌ಸ್ಟಿಕ್, ಟವೆಲ್, ಲೋಟಗಳದು ಎರಡನೆಯ ಸ್ಥಾನ. ಹಾಗಿದ್ದರೂ ಎಚ್ಚರ ಏಕೆ ಬೇಕು? ಮುತ್ತು ಕೊಡಬೇಡಿ ಎಂದು ಲೋಕಕ್ಕೆ ಹೇಳಲಾಗದು. ಲಿಪ್‌ಸ್ಟಿಕ್ ಹಂಚಬೇಡಿ ಎಂದು ಹೇಳುವುದು ಸುಲಭ, ಪಾಲಿಸುವುದೂ ಸುಲಭ. ಜೊತೆಗೆ ಒಡೆದ ತುಟಿಯ ಕೀವುಗುಳ್ಳೆಗೆ ಕಾರಣವಾಗುವ ಬ್ಯಾಕ್ಟೀರಿಯಾದಂಥ ಇತರ ರೋಗಾಣುಗಳಿಗೂ ಇದೇ ದಾರಿ ಮುಚ್ಚುತ್ತದೆ.

'ಗುಳ್ಳೆ ಇರುವ ಮಗುವನ್ನು ಬಿಟ್ಟು ಉಳಿದವರಿಗೆ ಹಚ್ಚಿದರಾಯಿತು' ಎನ್ನಬಹುದು. ಅಷ್ಟು ಸಾಲದು. ಗುಳ್ಳೆ ಇಲ್ಲದ ದಿನಗಳಲ್ಲೂ ಕೆಲವೊಮ್ಮೆ ವೈರಸ್ ಜೊಲ್ಲಿಗೆ ಬರುತ್ತಿರುತ್ತದೆ. ಕಣ್ಣಿಗೆ ಕಾಣುವ ಹುಣ್ಣನ್ನು ನೋಡಿ ಯಾರು ಸುರಕ್ಷಿತ ಎಂದು ನಿರ್ಧರಿಸಲು ಬರುವುದಿಲ್ಲ.

ವಿದ್ಯಾರ್ಥಿಗಳು ಕೇಳಬಹುದಾದ ಇನ್ನೊಂದು ಪ್ರಶ್ನೆ: ಗುಳ್ಳೆ ಇದ್ದಾಗ ಬಳಸಿದ ನನ್ನದೇ ಲಿಪ್ ಬಾಮ್ ನನಗೆ ಮತ್ತೆ ಗುಳ್ಳೆ ತರುತ್ತದೆಯೇ? ಇಲ್ಲವೆಂದೇ ಹೇಳಬಹುದು. ಮರುಕಳಿಸುವ ಗುಳ್ಳೆ ಬರುವುದು ಹೊರಗಿನ ಲಿಪ್ ಬಾಮಿನಿಂದಲ್ಲ, ಒಳಗಿನ ನರಗಂಟಿನಿಂದ. ಆದರೂ ಹಸಿ ಹುಣ್ಣಿಗೆ ಕಡ್ಡಿಯನ್ನು ನೇರ ಉಜ್ಜುವುದು ಸರಿಯಲ್ಲ. ಹುಣ್ಣಿಗೆ ನೋವಾಗುತ್ತದೆ, ಕಡ್ಡಿಯೂ ಕೊಳೆಯಾಗುತ್ತದೆ. ಆ ದಿನಗಳಲ್ಲಿ ಹತ್ತಿಕಡ್ಡಿಯಿಂದ ಸ್ವಲ್ಪ ತೆಗೆದು ಹಚ್ಚಿ, ಹತ್ತಿಕಡ್ಡಿಯನ್ನು ಎಸೆಯಿರಿ. ಹುಣ್ಣಿಗೆ ತಾಗಿದ ಲಿಪ್‌ಸ್ಟಿಕ್ಕನ್ನು ತಂಗಿಗೋ ಗೆಳತಿಗೋ ಕೊಡುವುದಂತೂ ಬೇಡವೇ ಬೇಡ.

ಕೊಬ್ಬರಿ ಎಣ್ಣೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಮ್ಮ ಕಡೆಯ ಹಳೆಯ 'ಲಿಪ್ ಬಾಮ್' ಎಂದರೆ ಕೊಬ್ಬರಿ ಎಣ್ಣೆ, ಬೆಣ್ಣೆ, ತುಪ್ಪ. ಲಿಪ್ ಬಾಮಿನಲ್ಲಿರುವ ಮೇಣ ಮತ್ತು ಜಿಡ್ಡು ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ. ತುಟಿಯ ಮೇಲೆ ಜಿಡ್ಡಿನ ತೆಳುಪದರ ನಿಂತು, ಒಳಗಿನ ನೀರು ಆವಿಯಾಗುವುದನ್ನು ನಿಧಾನಗೊಳಿಸುತ್ತದೆ. ಒಡೆದ ತುಟಿ ಮಾಯಲು ಇದು ಸಾಕು. ಕಡೆಗೆ ಹಕ್ಕಳೆ ಬಿರಿದು ರಕ್ತ ಬರುವುದನ್ನೂ ಇದು ತಪ್ಪಿಸುತ್ತದೆ.

'ಕೊಬ್ಬರಿ ಎಣ್ಣೆಯಲ್ಲಿ ವೈರಸ್ ಕೊಲ್ಲುವ ಶಕ್ತಿ ಇದೆ' ಎಂಬ ಮಾತನ್ನು ನೀವು ಕೇಳಿರಬಹುದು. ಈ ಮಾತಿನ ಬೇರು ಇಲ್ಲಿದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಒಂದು ಲಾರಿಕ್ ಆಮ್ಲದ ಅಣು ಗ್ಲಿಸರಾಲಿನೊಂದಿಗೆ ಸೇರಿದರೆ ಮಾನೊಲಾರಿನ್ ಆಗುತ್ತದೆ. ಕೊಬ್ಬಿನ ಪೊರೆಯುಳ್ಳ ಹಲವು ವೈರಸ್‌ಗಳನ್ನು ಮಾನೊಲಾರಿನ್ ಪ್ರಯೋಗನಾಳದಲ್ಲಿ ನಿಷ್ಕ್ರಿಯಗೊಳಿಸುತ್ತದೆ ಎಂದು 1982ರಲ್ಲಿ ವರದಿಯಾಯಿತು. ಆದರೆ ಗಾಣದಿಂದ ಬಂದ ಎಣ್ಣೆ ಮಾನೊಲಾರಿನ್ ಅಲ್ಲ. ಅದು ಬಹುಮಟ್ಟಿಗೆ ಟ್ರೈಗ್ಲಿಸರೈಡ್, ಅಂದರೆ ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಕಟ್ಟಿಕೊಂಡ ಅಣು. ತುಟಿಗೆ ಹಚ್ಚಿದ ಮಾತ್ರಕ್ಕೆ ಅದು ಮಾನೊಲಾರಿನ್ ಆಗಿ ವೈರಸ್ಸನ್ನು ಕೊಲ್ಲುತ್ತದೆ ಎನ್ನಲು ಆಧಾರವಿಲ್ಲ. ನರಗಂಟಿನಲ್ಲಿ ಕುಳಿತ ವೈರಸ್ಸನ್ನಂತೂ ತುಟಿಗೆ ಹಚ್ಚಿದ ಯಾವ ಎಣ್ಣೆಯೂ ಮುಟ್ಟಲಾರದು. ಪ್ರಯೋಗನಾಳದ ಫಲಿತಾಂಶಕ್ಕೂ ದೇಹದ ಮೇಲಿನ ಫಲಿತಾಂಶಕ್ಕೂ ಎಷ್ಟು ದೂರ ಎಂಬುದನ್ನು ತರಗತಿಯಲ್ಲಿ ವಿವರಿಸಲು ಇದು ಒಳ್ಳೆಯ ಉದಾಹರಣೆ.

ಇನ್ನೊಂದು ಗಮನಿಸಬೇಕಾದ ಸಂಗತಿ. ಕೊಬ್ಬರಿ ಎಣ್ಣೆ ಸುಮಾರು 24-25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಅಂಗೈಗೆ ಸುರಿದುಕೊಳ್ಳುತ್ತಿದ್ದ ಎಣ್ಣೆಯನ್ನು ಚಳಿಗಾಲದಲ್ಲಿ ಅಗಲ ಬಾಯಿಯ ಡಬ್ಬಿಗೆ ಹಾಕಿಟ್ಟು, ಮನೆಮಂದಿಯೆಲ್ಲ ಬೆರಳಿನಿಂದ ತೋಡಿ ತುಟಿಗೆ ಸವರುತ್ತಾರೆ. ಸವರಿದ ಬೆರಳು ಮತ್ತೆ ಡಬ್ಬಿಗೆ ಹೋಗುತ್ತದೆ. ಆಗ ಕೊಬ್ಬರಿ ಎಣ್ಣೆಯ ಡಬ್ಬಿಯೂ ಸಾಲಿನ ಲಿಪ್‌ಸ್ಟಿಕ್ಕಿನಂತೆಯೇ. ಪರಿಹಾರ ಸುಲಭ: ಡಬ್ಬಿಯಲ್ಲಿ ಒಂದು ಚಿಕ್ಕ ಚಮಚ ಇಡಿ. ಚಮಚದಿಂದ ಅಂಗೈಗೆ, ಅಂಗೈಯಿಂದ ತುಟಿಗೆ.

ಎಲ್ಲ ಹುಣ್ಣೂ ಒಂದೇ ಅಲ್ಲ

ತುಟಿಯ ಹೊರ ಅಂಚಿನಲ್ಲಿ ನೀರುಗುಳ್ಳೆಗಳ ಗೊಂಚಲಾಗಿ ಏಳುವುದು ಜ್ವರದ ಗುಳ್ಳೆ. ಕೆನ್ನೆಯ ಒಳಗೆ, ನಾಲಿಗೆಯ ಅಡಿಯಲ್ಲಿ ಬಿಳಿ ತಳದ, ಕೆಂಪು ಅಂಚಿನ ಬಾಯಿಹುಣ್ಣು ಏಳುತ್ತದಲ್ಲ, ಅದು ಬೇರೆ, ಅದು ಅಂಟುವುದಿಲ್ಲ. ಎರಡೂ ಬಾಯಿಮೂಲೆ ಒಡೆಯುವುದಕ್ಕೆ ಬಿ ಗುಂಪಿನ ಜೀವಸತ್ವ ಅಥವಾ ಕಬ್ಬಿಣದ ಕೊರತೆ, ಶಿಲೀಂಧ್ರದ ಸೋಂಕು ಮುಂತಾದ ಕಾರಣಗಳಿರಬಹುದು. ಜೇನಿನ ಬಣ್ಣದ ಹಕ್ಕಳೆ ಕಟ್ಟುವ ಹುಣ್ಣು ಬ್ಯಾಕ್ಟೀರಿಯಾದಿಂದ ಆಗಿರಬಹುದು. ಹೊಸ ಲಿಪ್‌ಸ್ಟಿಕ್ ಹಚ್ಚಿದ ಮೇಲೆ ತುಟಿಯಿಡೀ ಕೆಂಪಾಗಿ ತುರಿಸಿದರೆ ಅದು ಅಲರ್ಜಿ ಇರಬಹುದು. ಅನುಮಾನವಿದ್ದರೆ ವೈದ್ಯರಿಗೆ ತೋರಿಸುವುದೇ ಸರಿ.

ಎಚ್ಚರ ಬೇಕಾದದ್ದು ಎಲ್ಲಿ?

ಆರೋಗ್ಯವಂತರಿಗೆ ಜ್ವರದ ಗುಳ್ಳೆ ಕಿರಿಕಿರಿ ಮಾತ್ರ. ಆದರೆ ಎರಡು ಸಂದರ್ಭಗಳನ್ನು ಹಗುರವಾಗಿ ಕಾಣಬಾರದು.

ಮೊದಲನೆಯದು ಹಸುಗೂಸು. ಹುಟ್ಟಿದ ಮೊದಲ ನಾಲ್ಕಾರು ವಾರಗಳಲ್ಲಿ ಮಗುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಆಗ ಈ ವೈರಸ್ ತಗಲಿದರೆ ಅದು ಚರ್ಮದಲ್ಲೇ ನಿಲ್ಲದೆ ಯಕೃತ್ತು, ಮಿದುಳುಗಳಿಗೆ ಹರಡಬಹುದು. ಇದು ಅಪರೂಪ. ಆದರೆ ಆದಾಗ ಪ್ರಾಣಕ್ಕೇ ಸಂಚಕಾರ. ಬಾಣಂತಿಯ ಮನೆಗೆ ಮಗು ನೋಡಲು ಹೋಗುವವರು ತುಟಿಯಲ್ಲಿ ಗುಳ್ಳೆ ಇದ್ದರೆ ಅಥವಾ ಜುಮ್ಮೆನ್ನುತ್ತಿದ್ದರೆ ಮಗುವಿಗೆ ಮುತ್ತು ಕೊಡಬಾರದು. ತಾಯಿಗೇ ತುಟಿಯಲ್ಲಿ ಗುಳ್ಳೆ ಎದ್ದರೆ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ. ಕೈ ತೊಳೆದು, ಗುಳ್ಳೆಯನ್ನು ಮುಚ್ಚಿಕೊಂಡು, ಮುತ್ತು ಕೊಡದೆ ಹಾಲೂಡಿಸಬಹುದು. ಎದೆಯ ಮೇಲೇ ಗುಳ್ಳೆ ಇದ್ದರೆ ಆ ಬದಿಯ ಹಾಲು ಕೊಡಬಾರದು, ವೈದ್ಯರನ್ನು ಕಾಣಬೇಕು. ಎಳೆಗೂಸು ಹಾಲು ಬಿಟ್ಟರೆ, ಮಂಕಾದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ, ಸೆಟೆದುಕೊಂಡರೆ, ಮೈಮೇಲೆ ನೀರುಗುಳ್ಳೆ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ಕಣ್ಣು. ಗುಳ್ಳೆ ಮುಟ್ಟಿದ ಬೆರಳಿನಿಂದ ಕಣ್ಣುಜ್ಜಿದರೆ ವೈರಸ್ ಅಲ್ಲಿಗೂ ದಾಟಬಹುದು. ಕಣ್ಣಿನ ಪಾರದರ್ಶಕ ಪಟಲದ ಮೇಲೆ ಈ ವೈರಸ್ ಮಾಡುವ ಹುಣ್ಣು ಮತ್ತೆ ಮತ್ತೆ ಮರುಕಳಿಸಿದರೆ ಕಲೆ ಉಳಿದು ದೃಷ್ಟಿ ಮಂದವಾಗುತ್ತದೆ. ಗುಳ್ಳೆಯ ಜೊತೆಗೆ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ನೇತ್ರವೈದ್ಯರನ್ನೇ ಕಾಣಬೇಕು. ಅಂಗಡಿಯಿಂದ ತಂದ ಕಣ್ಣಿನ ಹನಿ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹುಣ್ಣು ಉಲ್ಬಣಿಸುತ್ತದೆ. ತೀವ್ರ ಇಸುಬು ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರೂ ಬೇಗ ವೈದ್ಯರನ್ನು ಕಾಣಬೇಕು.

ಜಾಣ ಔಷಧ

ಈ ವೈರಸ್ಸಿಗೆ ಬಳಸುವ ಔಷಧ ಏಸೈಕ್ಲೊವಿರ್ ಕಾರ್ಯ ವಿಧಾನ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದಂಥದು. ಡಿಎನ್‌ಎಯ ಇಟ್ಟಿಗೆಗಳಲ್ಲಿ ಒಂದನ್ನು ಹೋಲುವ ನಕಲಿ ಇಟ್ಟಿಗೆ ಇದು. ಇದನ್ನು ಚುರುಕುಗೊಳಿಸಲು ಮೊದಲು ಒಂದು ಫಾಸ್ಫೇಟ್ ಗುಂಪು ಸೇರಬೇಕು. ಆ ಕೆಲಸವನ್ನು ಸಮರ್ಥವಾಗಿ ಮಾಡುವುದು ವೈರಸ್ಸಿನದೇ ಕಿಣ್ವ, ಥೈಮಿಡೀನ್ ಕೈನೇಸ್. ಹೀಗಾಗಿ ವೈರಸ್ ಹೊಕ್ಕ ಕೋಶದಲ್ಲಿ ಮಾತ್ರ ಔಷಧ ಚುರುಕಾಗುತ್ತದೆ, ಆರೋಗ್ಯವಂತ ಕೋಶ ಬಹುಮಟ್ಟಿಗೆ ಪಾರಾಗುತ್ತದೆ. ನಕಲಿ ಇಟ್ಟಿಗೆ ಸೇರಿದ ಕೂಡಲೇ ವೈರಸ್ಸಿನ ಡಿಎನ್‌ಎ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಇಂಥ ಔಷಧಗಳಿಗೆ ದಾರಿ ತೋರಿದ ಸಂಶೋಧನೆಗಾಗಿ ಗರ್ಟ್ರೂಡ್ ಎಲಿಯನ್ 1988ರಲ್ಲಿ ಜಾರ್ಜ್ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು.

ಆದರೆ ವೃದ್ಧಿಯಾಗುತ್ತಿರುವ ವೈರಸ್ಸಿನ ಮೇಲಷ್ಟೇ ಈ ಔಷಧ ಕೆಲಸ ಮಾಡುತ್ತದೆ, ನರಗಂಟಿನಲ್ಲಿ ಮಲಗಿರುವುದನ್ನು ಅದು ಮುಟ್ಟದು. ಆದ್ದರಿಂದ ತುಟಿ ಜುಮ್ಮೆಂದ ಕೂಡಲೇ ಆರಂಭಿಸಿದರೆ ಪ್ರಯೋಜನ. ಹಕ್ಕಳೆ ಕಟ್ಟಿದ ಮೇಲೆ ಹಚ್ಚಿ ಫಲವಿಲ್ಲ. ಮಾತ್ರೆ ಬೇಕೋ ಮುಲಾಮು ಸಾಕೋ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ. ಸುಣ್ಣ, ಟೂತ್‌ಪೇಸ್ಟ್ ಹಚ್ಚಿ ಹುಣ್ಣನ್ನು ಸುಟ್ಟುಕೊಳ್ಳುವುದು ಬೇಡ. ಈ ವೈರಸ್ಸಿಗೆ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಮೇಣದಬತ್ತಿಯ ತುಂಡು, ಕೊಬ್ಬರಿ ಎಣ್ಣೆ, ಅರಿಶಿನ, ಬಿಳಿ ಕಾಗದ, ಬಟ್ಟೆ ಒಗೆಯುವ ಸೋಡಾ ಕರಗಿಸಿದ ನೀರು, ಹತ್ತಿ.

ಬಿಳಿ ಕಾಗದದ ಮೇಲೆ 20 ಚೌಕಗಳನ್ನು ಬರೆದು ಸಂಖ್ಯೆ ಹಾಕಿ. ಇವು 20 ಮಕ್ಕಳ ತುಟಿಗಳು. ಮೇಣದಬತ್ತಿಯ ತುದಿಗೆ ತುಸು ಎಣ್ಣೆ ಸವರಿ. ಇದೇ ಲಿಪ್‌ಸ್ಟಿಕ್. ತುದಿಯನ್ನು ಒಮ್ಮೆ ಮಾತ್ರ ಅರಿಶಿನದ ಪುಡಿಗೆ ತಾಗಿಸಿ, ಕೊಡವಿ. ನಂತರ ಒಂದನೆಯ ಚೌಕದಿಂದ ಆರಂಭಿಸಿ ಪ್ರತಿ ಚೌಕಕ್ಕೂ ಒಂದೊಂದು ಸಲ ಉಜ್ಜುತ್ತ ಹೋಗಿ. ಹಳದಿ ಬಣ್ಣ ಎಷ್ಟನೆಯ ಚೌಕದವರೆಗೆ ಕಣ್ಣಿಗೆ ಕಾಣುತ್ತದೆ? ಬರೆದುಕೊಳ್ಳಿ. ಈಗ ಸೋಡಾ ನೀರಿನಲ್ಲಿ ಅದ್ದಿದ ಹತ್ತಿಯನ್ನು ಚೌಕಗಳ ಮೇಲೆ ಒತ್ತಿ. ಒಂದು ಚೌಕದ ಬಣ್ಣ ಇನ್ನೊಂದಕ್ಕೆ ಹೋಗದಂತೆ ಪ್ರತಿ ಚೌಕಕ್ಕೂ ಹೊಸ ಹತ್ತಿ ಬಳಸಿ. ಪ್ರತ್ಯಾಮ್ಲದಲ್ಲಿ ಅರಿಶಿನ ಕೆಂಪಾಗುವುದು ನಿಮಗೆ ಗೊತ್ತು. ಕೆಂಪು ಎಷ್ಟನೆಯ ಚೌಕದವರೆಗೆ ಮೂಡಿತು? ಎರಡೂ ಸಂಖ್ಯೆಗಳನ್ನು ಹೋಲಿಸಿ. ಇದೇ ಪ್ರಯೋಗವನ್ನು ಪ್ರತಿ ಚೌಕಕ್ಕೂ ಹೊಸ ಹತ್ತಿಕಡ್ಡಿ ಬಳಸಿ ಪುನರಾವರ್ತಿಸಿ.

ಈ ಪ್ರಯೋಗ ವಸ್ತು ದಾಟುವ ದಾರಿಯನ್ನು ತೋರಿಸುತ್ತದೆಯೇ ಹೊರತು ವೈರಸ್ ಎಷ್ಟು ಹೊತ್ತು ಬದುಕುತ್ತದೆ ಎಂಬುದನ್ನಲ್ಲ. ಮಾದರಿಯ ಮಿತಿ ಯಾವುದು ಎಂದು ಮಕ್ಕಳನ್ನೇ ಕೇಳಿ.

ಶಾಲೆಯಲ್ಲಿ ಏನು ಮಾಡಬಹುದು?

ವಾರ್ಷಿಕೋತ್ಸವದ ಬಣ್ಣ ನಿಲ್ಲಿಸಬೇಕಿಲ್ಲ, ಹಚ್ಚುವ ಕ್ರಮ ಬದಲಿಸಿದರೆ ಸಾಕು. ಶುದ್ಧವಾದ ಚಮಚದ ಹಿಡಿಯಿಂದ ಲಿಪ್‌ಸ್ಟಿಕ್ಕನ್ನು ಕೆರೆದು ಒಂದು ತಟ್ಟೆಗೆ ಹಾಕಿಕೊಳ್ಳಿ. ಒಂದು ಮಗುವಿಗೆ ಒಂದು ಹತ್ತಿಕಡ್ಡಿ. ತುಟಿಗೆ ತಾಗಿದ ಹತ್ತಿಕಡ್ಡಿ ಮತ್ತೆ ತಟ್ಟೆಗೆ ಬರಬಾರದು. ಬಣ್ಣ ಸಾಲದಿದ್ದರೆ ಇನ್ನೊಂದನ್ನು ತೆಗೆದುಕೊಳ್ಳಿ. ಬಣ್ಣ ಅಳಿಸಲು ಎಲ್ಲರಿಗೂ ಒಂದೇ ಟವೆಲ್ ಬೇಡ. ಹಸಿ ಗುಳ್ಳೆ ಇರುವ ಮಗುವಿನ ತುಟಿಗೆ ಬಣ್ಣ ಬೇಡ, ಆದರೆ ಆ ಮಗುವನ್ನು ಕುಣಿತದಿಂದ ಕೈಬಿಡುವುದೂ ಬೇಡ. ಎಲ್ಲರ ಮುಂದೆ ಬೊಟ್ಟು ಮಾಡಿ ತೋರಿಸುವುದಂತೂ ಸಲ್ಲದು. ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇದೇ ವೈರಸ್ ಸದ್ದಿಲ್ಲದೆ ಇರಬಹುದು, ಶಿಕ್ಷಕರಲ್ಲೂ!

ಇದೇ ನಿಯಮ ತುಟಿಗೆ ತಾಗುವ ಬೇರೆ ವಸ್ತುಗಳಿಗೂ ಅನ್ವಯ. ಆಟದ ಮೈದಾನದ ಸೀಟಿ, ಬ್ಯಾಂಡಿನ ಊದುವ ವಾದ್ಯ, ತರಗತಿಯಲ್ಲಿ ಸುತ್ತು ಹೋಗುವ ನೀರಿನ ಬಾಟಲಿ ಇವೆಲ್ಲ ನೆನಪಿರಲಿ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಪಿಪೆಟ್ಟನ್ನು ಬಾಯಲ್ಲಿ ಹೀರುವ ಅಭ್ಯಾಸ ಇನ್ನೂ ಉಳಿದಿದ್ದರೆ ಅದನ್ನು ಇಂದೇ ಬಿಡಿಸಿ. ಅಲ್ಲಿ ರಾಸಾಯನಿಕದ ಅಪಾಯದ ಜೊತೆಗೆ ಎಂಜಲಿನ ಅಪಾಯವೂ ಇದೆ. ರಬ್ಬರ್ ಬಲ್ಬ್ ಇರುವುದು ಅದಕ್ಕೇ.

ಎಳನೀರಿನ ಬುರುಡೆಗೆ ಒಬ್ಬರು ಬಾಯಿಟ್ಟು ಕುಡಿದ ಮೇಲೆ ಅದನ್ನು ಇನ್ನೊಬ್ಬರಿಗೆ ಕೊಡುವಾಗ ತೆಂಗಿನ ಸೀಮೆಯವರು ಒಂದು ಕ್ಷಣ ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ವಿಜ್ಞಾನದ ಆಧಾರವಿದೆ. ಈ ಸಲದ ವಾರ್ಷಿಕೋತ್ಸವದಲ್ಲಿ ಅಷ್ಟೇ ಹಿಂಜರಿಕೆ ಲಿಪ್‌ಸ್ಟಿಕ್ ಹಿಡಿದ ಕೈಗೂ ಬರಲಿ. ಪೌಡರ್, ಕಾಡಿಗೆಗಳ ಪಟ್ಟಿಯಲ್ಲಿ ಹತ್ತಿಕಡ್ಡಿಯ ಒಂದು ಡಬ್ಬಿಯನ್ನೂ ಸೇರಿಸಿಕೊಳ್ಳಿ.